ದೂಳು ಬೇಡಿದ ವಕೀಲರು

ಮಕ್ಕಳೇ, ನಮ್ಮ ನನ್ನಿವಾಳದಿಂದ ಮೊಳಕಾಲ್ಮುರು ಸೀಮೆಗೆ ಹೋದರೆ ಬ್ರಹ್ಮಗಿರಿ ಸಿಗುತ್ತದೆ. ಅಲ್ಲಿನ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ತಂದೆತಾಯಿಯ ಮಾತು ಕೇಳಿ, ನಿಜ ಹೇಳಿ, ಗುರುಗಳನ್ನು ಗೌರವಿಸಿ ಎನ್ನುತ್ತದೆ ಅದು. ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದ್ದು 1892ರಲ್ಲಿ. ಹಳೆಯ ಕಾಗದ, ಕಲ್ಲುಗಳನ್ನು ಓದುವ ಹುಚ್ಚು ನನಗೆ. ಹಾಗೆ ಓದುವಾಗ ಅದೇ ಇಸವಿ ಮತ್ತೊಂದು ಕಡೆಯೂ ಸಿಕ್ಕಿತು. ಆ ವರ್ಷವೇ ಘಟ್ಟದ ಕೆಳಗೆ, ಮಂಗಳೂರಿನಲ್ಲಿ, ಕುದ್ಮುಲ್ ರಂಗರಾವ್ ಎಂಬ ವಕೀಲರು ದಲಿತ ಮಕ್ಕಳಿಗಾಗಿ ಶಾಲೆ ತೆರೆದಿದ್ದರು.

ಶಾಲೆ ತೆರೆಯುವುದೇನು ಮಹಾ ಎನ್ನಬೇಡಿ. ಆಗ ಆ ಮಕ್ಕಳನ್ನು ಉಳಿದವರ ಪಕ್ಕ ಕೂರಿಸುತ್ತಿರಲಿಲ್ಲ. ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದರು. (ಅದರಲ್ಲಿ ತಮ್ಮ ಕಾಲಕ್ಕೆ ಎಷ್ಟು ಉಳಿದಿತ್ತು ಎಂದು ನಿಮ್ಮ ತಾತನನ್ನೇ ಕೇಳಿ.) ಕಲಿಸಲು ಮೇಲ್ಜಾತಿಯ ಮೇಷ್ಟ್ರು ಒಪ್ಪಲಿಲ್ಲ. ರಂಗರಾವ್ ಸಾರಸ್ವತ ಬ್ರಾಹ್ಮಣರು. ಅವರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಅವರು ಹಿಂಜರಿಯಲಿಲ್ಲ. ಖಾಲಿ ಹೊಟ್ಟೆಗೆ ಅಕ್ಷರ ಹತ್ತದು ಎಂದು ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸಿದರು. ಇವತ್ತು ಶಾಲೆಯಲ್ಲಿ ಬಿಸಿಯೂಟ ಉಣ್ಣುವ ನಿಮಗೆ ಇದು ತಿಳಿದಿರಲಿ ಅಂತ ನನ್ನ ಆಸೆ.

1897ರಲ್ಲಿ ಅವರು ಕಟ್ಟಿದ ಸಂಸ್ಥೆಯ ಹೆಸರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ ಮುಂಬೈಯಲ್ಲಿ ಇದೇ ಹೆಸರಿನ ಸಂಸ್ಥೆ ಆರಂಭಿಸಿದ್ದು ಒಂಬತ್ತು ವರ್ಷಗಳ ನಂತರ. 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ರಂಗರಾವ್ ಇರಲಿಲ್ಲ, 1928ರಲ್ಲೇ ತೀರಿಕೊಂಡಿದ್ದರು. ಅವರ ಮಗಳು ರಾಧಾಬಾಯಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋಗಿ ಭಾರತದ ಹೆಂಗಸರ ಪರವಾಗಿ ಮಾತಾಡಿದವರು.

ನನಗೆ ಇವೆಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ರಂಗರಾವ್ ಅವರ ಸಮಾಧಿಯ ಮೇಲಿನ ಬರಹ. ದಲಿತ ಮಕ್ಕಳು ಓದಿ ದೊಡ್ಡವರಾಗಬೇಕು, ಊರ ರಸ್ತೆಯಲ್ಲಿ ಗಾಡಿಯಲ್ಲಿ ಓಡಾಡಬೇಕು, ಆ ಚಕ್ರ ಎಬ್ಬಿಸಿದ ದೂಳು ತಮ್ಮ ತಲೆಯ ಮೇಲೆ ಬೀಳಬೇಕು, ಆಗ ತಮ್ಮ ಬಾಳು ಸಾರ್ಥಕ ಎಂಬುದು ಅದರ ಸಾರ. ದೂಳೆಂದರೆ ನಮಗೆ ಗೊತ್ತಿಲ್ಲವೇ? ಚಳ್ಳಕೆರೆ ಬಸ್ಸು ಹೋದರೆ ಸೆರಗು, ಟವೆಲ್ಲು ಮುಖಕ್ಕೆ ಹಿಡಿಯುವವರು ನಾವು. ಅದನ್ನು ಕೇಳಿ ಪಡೆಯಬೇಕೆಂದವರು ಅವರು.

ಮಂಗಳೂರಿನ ಪುರಭವನಕ್ಕೆ ಈಗ ಅವರದೇ ಹೆಸರು. ಸಮುದ್ರ ನೋಡಲು ಆ ಕಡೆ ಹೋದಾಗ ಬಾಬುಗುಡ್ಡೆಗೂ ಹೋಗಿ ಬನ್ನಿ. ಸಮಾಧಿ ಇರುವುದು ಅಲ್ಲೇ. ಕಲ್ಲಿನ ಮೇಲಿರುವುದನ್ನು ಅಜ್ಜಿ ತಾತನಿಗೆ ನೀವೇ ಗಟ್ಟಿಯಾಗಿ ಓದಿ ಹೇಳಿ.