ಕೋಶಚಿಕಿತ್ಸೆಯ ತರುವಾಯದ ಜ್ವರ

ಚಳ್ಳಕೆರೆಯ ಎಣ್ಣೆಗಿರಣಿಯಲ್ಲಾಗಲಿ ಮೊಳಕಾಲ್ಮೂರಿನ ರೇಷ್ಮೆಮಗ್ಗದಲ್ಲಾಗಲಿ ದುಡಿಯುವವನಿಗೆ ಜ್ವರ ಬಂದರೆ ಒಂದು ಮಾತ್ರೆ ನುಂಗಿ ಎರಡು ದಿನ ಕಾಯುವುದು ವಾಡಿಕೆ. ಈ ವಾಡಿಕೆಯೇ ಪ್ರಾಣಕ್ಕೆ ಎರವಾಗಬಹುದಾದ ಒಂದು ಸಂದರ್ಭವನ್ನು ಇಲ್ಲಿ ವಿವರಿಸುತ್ತೇವೆ.

ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಈಗ ಕಾರ್-ಟಿ ಎಂಬ ಕೋಶಚಿಕಿತ್ಸೆ ದೊರೆಯುತ್ತಿದೆ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಸಹಯೋಗದಿಂದ ರೂಪುಗೊಂಡ ನೆಕ್ಸ್‌ಕಾರ್-19 ಚಿಕಿತ್ಸೆಗೆ 2023ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಚಿಕಿತ್ಸೆಯೂ ಬಳಕೆಗೆ ಬಂದಿತು. ರೋಗಿಯ ರಕ್ತದಿಂದ ಟಿ ಕೋಶಗಳೆಂಬ ಬಿಳಿಯ ಕಣಗಳನ್ನು ಬೇರ್ಪಡಿಸಿ, ಕ್ಯಾನ್ಸರ್ ಕೋಶವನ್ನು ಗುರುತಿಸಬಲ್ಲ ಗ್ರಾಹಕವನ್ನು ಅವುಗಳಲ್ಲಿ ಮೂಡಿಸಿ, ವೃದ್ಧಿಗೊಳಿಸಿ, ಮರಳಿ ರೋಗಿಯ ರಕ್ತಕ್ಕೆ ಸೇರಿಸುವರು.

ಈ ಕೋಶಗಳು ಶತ್ರುವಿನೊಡನೆ ಸೆಣಸುವಾಗ ಸೈಟೊಕೈನ್‌ಗಳೆಂಬ ಸಂದೇಶವಸ್ತುಗಳನ್ನು ಸೂಸಿ ಇತರ ರಕ್ಷಕಕೋಶಗಳನ್ನೂ ಕೆರಳಿಸುತ್ತವೆ. ಹಾಗೆ ಕೆರಳಿದ ಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ವಸ್ತುವನ್ನು ಹೇರಳವಾಗಿ ಹೊರಬಿಡುತ್ತವೆ. ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೆ, 38 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಅಥವಾ ಮೀರುವ ಜ್ವರ ತೋರುತ್ತದೆ. ಅದು ಉಲ್ಬಣಿಸಿದರೆ ರಕ್ತದೊತ್ತಡ ಕುಸಿಯುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಮೆಯಾಗುತ್ತದೆ. ರೋಗವನ್ನು ಅಳಿಸಬೇಕಾದ ಶಕ್ತಿಯೇ ಮಿತಿಮೀರಿ ರೋಗಿಯನ್ನು ಬಾಧಿಸುವುದು ಹೀಗೆ.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಈ ಚಿಕಿತ್ಸೆ ಪಡೆದ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿ ಇದೇ ಕಾರಣದಿಂದ ಮರಣದ ಅಂಚನ್ನು ಮುಟ್ಟಿದ್ದಳು. ಕೀಲುವಾತಕ್ಕೆ ಬಳಸುತ್ತಿದ್ದ ಟೊಸಿಲಿಜುಮಾಬ್ ಎಂಬ ಔಷಧವು ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನು ತಡೆದು ಆಕೆಯನ್ನು ಉಳಿಸಿತು. 2017ರಲ್ಲಿ ಆ ದೇಶವು ಈ ಉಪಯೋಗಕ್ಕೆ ಮನ್ನಣೆಯಿತ್ತಿತು. ಅದರಿಂದ ಸಾಲದಿದ್ದರೆ ಸ್ಟಿರಾಯ್ಡ್‌ಗಳನ್ನು ಕೊಡುವರು. ಮಾತು ತೊದಲುವುದು, ಕೈಬರಹ ಕೆಡುವುದು ಮೊದಲಾದವು ಮಿದುಳಿನ ಬಾಧೆಯ ಸೂಚನೆಗಳು. ಅಲ್ಲಿ ಸ್ಟಿರಾಯ್ಡ್‌ಗಳೇ ಮುಖ್ಯ ಆಧಾರ. ಸೋಂಕಿನ ಜ್ವರವೂ ಮೇಲ್ನೋಟಕ್ಕೆ ಹೀಗೆಯೇ ಇರುವುದರಿಂದ ಅದರ ಪರೀಕ್ಷೆ ಮತ್ತು ಚಿಕಿತ್ಸೆಗಳೂ ಜೊತೆಯಲ್ಲಿ ನಡೆಯಬೇಕು.

ಚಳ್ಳಕೆರೆಯಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು. ಮೊಳಕಾಲ್ಮೂರು ಇನ್ನೂ ದೂರ. ಗಂಟೆಗಳಲ್ಲಿ ಬಿಗಡಾಯಿಸಬಲ್ಲ ಸ್ಥಿತಿಗೆ ಈ ದೂರವೇ ಅಪಾಯ. ಆದುದರಿಂದ ರೋಗಿಯು ಎರಡರಿಂದ ನಾಲ್ಕು ವಾರ ಆಸ್ಪತ್ರೆಯ ಸಮೀಪದಲ್ಲಿಯೇ ತಂಗಬೇಕೆಂದು ವೈದ್ಯರು ವಿಧಿಸುತ್ತಾರೆ. ಮಗ್ಗ ನಿಂತರೆ ಅನ್ನ ನಿಲ್ಲುವ ಮನೆಗೆ ಈ ವಾರಗಳು ಭಾರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಂಗುವ ದಿನಗಳೂ ಚಿಕಿತ್ಸೆಯ ಅಂಗವೇ. ಊರಿಗೆ ಮರಳಿದ ಮೇಲೂ ಜ್ವರ ಬಂದರೆ ಮಾತ್ರೆ ನುಂಗಿ ಕಾಯದೆ, ತಾನು ಪಡೆದ ಚಿಕಿತ್ಸೆಯ ಹೆಸರನ್ನು ಎದುರಿನ ವೈದ್ಯರಿಗೆ ಮೊದಲು ತಿಳಿಸಬೇಕು. ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಊರುಗಳಲ್ಲಿ ಇದೊಂದು ಮಾತನ್ನು ಹರಡಿದರೆ ಈ ಬರಹದ ಉದ್ದೇಶವು ನೆರವೇರಿದಂತಾಗುತ್ತದೆ.