ಹಳೆಯ ಟ್ರ್ಯಾಕ್ಟರಿನ ಪವರ್ ಸ್ಟಿಯರಿಂಗ್: ಎಣ್ಣೆ ಸೋರಿಕೆಯನ್ನು ಗುರುತಿಸಿ ನಿಲ್ಲಿಸುವ ಕ್ರಮ

ಗೊಬ್ಬರ ಸಾಗಿಸಲು, ಕೊಯ್ದ ಕಾಫಿ ಹಣ್ಣನ್ನು ಕಣಕ್ಕೆ ತರಲು, ಅಡಿಕೆ ಗೊನೆ ಹೊರಲು, ಬೋರ್ಡೋ ದ್ರಾವಣದ ಡ್ರಮ್ಮು ಎಳೆಯಲು, ಹೀಗೆ ಎಲ್ಲ ಕೆಲಸಕ್ಕೂ ಒಂದೇ ಹಳೆಯ ಟ್ರ್ಯಾಕ್ಟರನ್ನು ನೆಚ್ಚಿಕೊಂಡಿರುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಇಂತಹ ಟ್ರ್ಯಾಕ್ಟರಿನ ಮುಂದಿನ ಆಕ್ಸಲಿನ ಕೆಳಗೆ ಎಣ್ಣೆಯ ಕಲೆ ಕಂಡಾಗ "ಹಳೇ ಗಾಡಿ, ಸ್ವಲ್ಪ ಸೋರುವುದು ಇದ್ದದ್ದೇ" ಎಂದು ಮೇಲಿಂದ ಎಣ್ಣೆ ತುಂಬಿ ಸುಮ್ಮನಾಗುವುದು ವಾಡಿಕೆ. ಬಯಲುಸೀಮೆಯ ಸಮತಟ್ಟಾದ ಹೊಲದಲ್ಲಿ ಇದು ಬರಿಯ ಖರ್ಚಿನ ಮಾತಾದೀತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳವಿರುವ ನಮ್ಮ ತೋಟದ ರಸ್ತೆಗಳಲ್ಲಿ ಇದು ಜೀವದ ಪ್ರಶ್ನೆ.

ಕಾರಣವನ್ನು ತಿಳಿಯಬೇಕಾದರೆ ಪವರ್ ಸ್ಟಿಯರಿಂಗಿನಲ್ಲಿ ಎರಡು ಬಗೆಗಳಿವೆ ಎಂಬುದನ್ನು ಅರಿಯಬೇಕು. ಮೊದಲನೆಯ ಬಗೆಯಲ್ಲಿ ಗೇರು ಪೆಟ್ಟಿಗೆ ಮತ್ತು ರಾಡುಗಳ ಮೂಲಕ ಸ್ಟಿಯರಿಂಗ್ ಚಕ್ರಕ್ಕೂ ಮುಂದಿನ ಗಾಲಿಗಳಿಗೂ ನೇರ ಸಂಬಂಧವಿದೆ. ಎಣ್ಣೆಯ ಒತ್ತಡ ಸಹಾಯ ಮಾಡುತ್ತದೆ, ಅಷ್ಟೆ. ಎರಡನೆಯದು ಹೈಡ್ರೋಸ್ಟಾಟಿಕ್ ಬಗೆ. ಇದರಲ್ಲಿ ಸ್ಟಿಯರಿಂಗ್ ಚಕ್ರಕ್ಕೂ ಗಾಲಿಗೂ ನಡುವೆ ಕಬ್ಬಿಣದ ಸಂಬಂಧವೇ ಇಲ್ಲ. ಚಕ್ರದ ಕೆಳಗಿನ ಸ್ಟಿಯರಿಂಗ್ ಘಟಕ, ಅಂದರೆ ಮೆಕ್ಯಾನಿಕರು ಆರ್ಬಿಟ್ರಾಲ್ ಎನ್ನುವ ಭಾಗ, ಪಂಪಿನಿಂದ ಬಂದ ಎಣ್ಣೆಯನ್ನು ಅಳೆದು ಆಕ್ಸಲಿನ ಮೇಲಿನ ಸಿಲಿಂಡರಿಗೆ ಕಳಿಸುತ್ತದೆ. ಸಿಲಿಂಡರು ಗಾಲಿಗಳನ್ನು ತಿರುಗಿಸುತ್ತದೆ. ಎಂಜಿನ್ ನಿಂತರೂ ಈ ಘಟಕ ಕೈಪಂಪಿನಂತೆ ಕೆಲಸ ಮಾಡುವುದರಿಂದ ಕಷ್ಟಪಟ್ಟಾದರೂ ಗಾಲಿ ತಿರುಗಿಸಬಹುದು. ಆದರೆ ಎಣ್ಣೆಯೇ ಇಲ್ಲದಿದ್ದರೆ ಚಕ್ರ ಸುಮ್ಮನೆ ಸುತ್ತುತ್ತದೆ, ಗಾಲಿ ಕದಲುವುದಿಲ್ಲ. ಆದುದರಿಂದ ತಮ್ಮ ಟ್ರ್ಯಾಕ್ಟರು ಯಾವ ಬಗೆಯದೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಸಣ್ಣ ಸೋರಿಕೆಯ ಲೆಕ್ಕವನ್ನೂ ನೋಡೋಣ. ಹತ್ತು ಸೆಕೆಂಡಿಗೆ ಒಂದು ಹನಿಯಾದರೆ ದಿನಕ್ಕೆ 6 ಗಂಟೆಯ ಕೆಲಸದಲ್ಲಿ 2,160 ಹನಿ. 20 ಹನಿಗೆ ಒಂದು ಮಿಲಿಲೀಟರಿನಂತೆ ಹಿಡಿದರೂ ದಿನಕ್ಕೆ 100 ಮಿಲಿಲೀಟರಿಗೆ ಮೀರಿ, ಹತ್ತು ದಿನಕ್ಕೆ ಒಂದು ಲೀಟರಿಗೂ ಹೆಚ್ಚು ಎಣ್ಣೆ ನೆಲದ ಪಾಲು. ಪ್ರತ್ಯೇಕ ಸಣ್ಣ ಟ್ಯಾಂಕಿರುವ ಸ್ಟಿಯರಿಂಗಿಗೆ ಇದು ಚಿಕ್ಕ ನಷ್ಟವಲ್ಲ.

ಕೆಲಸಕ್ಕೆ ಮುನ್ನ ಎಚ್ಚರಿಕೆ

ಟ್ರ್ಯಾಕ್ಟರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಅಡ್ಡ ಕೊಡಿ. ಎಂಜಿನ್ ನಿಲ್ಲಿಸಿ ಸ್ಟಿಯರಿಂಗನ್ನು ಎರಡೂ ಕಡೆಗೆ ನಾಲ್ಕಾರು ಸಲ ತಿರುಗಿಸಿದರೆ ಪೈಪಿನಲ್ಲಿ ಉಳಿದ ಒತ್ತಡ ಇಳಿಯುತ್ತದೆ. ಮುಂಭಾಗ ಎತ್ತಬೇಕಾದರೆ ಜ್ಯಾಕ್ ಒಂದನ್ನೇ ನಂಬದೆ ಆಕ್ಸಲಿನ ಕೆಳಗೆ ಗಟ್ಟಿ ದಿಮ್ಮಿ ಅಥವಾ ಸ್ಟ್ಯಾಂಡ್ ಇಡಿ.

ಎಂಜಿನ್ ಓಡುತ್ತಿರುವಾಗ ಸೋರುವ ಜಾಗವನ್ನು ಕೈಯಿಂದ ಮುಟ್ಟಿ ಹುಡುಕಲೇ ಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು. ಹೊರಗೆ ಇರುವೆ ಕಚ್ಚಿದಷ್ಟೇ ಗುರುತು ಕಂಡರೂ ಒಳಗಿನ ಮಾಂಸ ಸತ್ತು ಬೆರಳು, ಕೈ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ. ಹಾಗಾದಲ್ಲಿ ನೋವಿಲ್ಲವೆಂದು ಕಾಯದೆ ತಕ್ಷಣ ಶಸ್ತ್ರಚಿಕಿತ್ಸೆಯ ಅನುಕೂಲವಿರುವ ಆಸ್ಪತ್ರೆಗೆ ಹೋಗಿ, "ಒತ್ತಡದ ಎಣ್ಣೆ ಒಳಗೆ ಹೋಗಿದೆ" ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡನ್ನು ಪೈಪಿನ ಬಳಿ ಹಿಡಿಯಿರಿ. ಎಣ್ಣೆಯ ಗೆರೆ ಅದರ ಮೇಲೆ ಮೂಡುತ್ತದೆ.

ಸೋರುವ ಜಾಗ ಯಾವುದು?

ಎಣ್ಣೆ ತೊಟ್ಟಿಕ್ಕುವ ಜಾಗ ಒಂದು, ಸೋರುವ ಜಾಗ ಇನ್ನೊಂದು ಇರಬಹುದು. ಹಲವು ದಿನದ ಕೆಸರು, ಜಿಡ್ಡು ಸೇರಿದ ಮೇಲೆ ನೋಡಿದರೆ ಏನೂ ತಿಳಿಯದು. ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಪೂರ್ಣ ಒಣಗಿದ ಮೇಲೆ ಅನುಮಾನವಿರುವ ಜೋಡಣೆಗಳ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಎಂಜಿನ್ ನಡೆಸಿ, ಇನ್ನೊಬ್ಬರಿಂದ ಸ್ಟಿಯರಿಂಗ್ ತಿರುಗಿಸುತ್ತ ಟಾರ್ಚಿನಿಂದ ಗಮನಿಸಿ. ಪುಡಿ ಮೊದಲು ಒದ್ದೆಯಾದ ಕಡೆಯೇ ಮೂಲ. ಆಗ ತಿರುಗುವ ಗಾಲಿ, ಬೆಲ್ಟು, ಫ್ಯಾನುಗಳಿಂದ ದೂರವಿರಿ.

1. ಹೋಸ್ ಮತ್ತು ಜೋಡಣೆ: ನಟ್ಟಿನ ಬಳಿ ಒದ್ದೆಯಾದರೆ ಎರಡು ಸ್ಪ್ಯಾನರ್ ಬಳಸಿ, ಒಂದರಿಂದ ತಾಳಹಿಡಿದು ಇನ್ನೊಂದರಿಂದ ಬಿಗಿಮಾಡಿ. ಸಾಧಾರಣ ಬಿಗಿಗೆ ನಿಲ್ಲದಿದ್ದರೆ ಇನ್ನಷ್ಟು ಬಲ ಹಾಕಬೇಡಿ. ಬಿಚ್ಚಿ ಓ-ರಿಂಗ್ ಅಥವಾ ತಾಮ್ರದ ವಾಷರ್ ಬದಲಿಸಿ. ನಲ್ಲಿಯ ಕೆಲಸದ ಬಿಳಿ ಟೇಪನ್ನು ಇಲ್ಲಿ ಸುತ್ತಬಾರದು; ಅದರ ಚೂರು ಹರಿದುಹೋಗಿ ಘಟಕದ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒತ್ತಡದ ಹೋಸ್ ಬಿರಿದಿದ್ದರೆ, ಉಬ್ಬಿದ್ದರೆ, ಇಲಿ ಕಡಿದಿದ್ದರೆ ಕ್ಲಿಪ್ ಹಾಕಿ ತೇಪೆ ಹಚ್ಚುವುದು ಸಲ್ಲದು. ಹಳೆಯ ಹೋಸನ್ನೇ ಅಂಗಡಿಗೆ ಒಯ್ದು ಅದೇ ಉದ್ದ, ಅದೇ ಥ್ರೆಡ್, ಅದೇ ಒತ್ತಡ ತಾಳುವ ಹೊಸದನ್ನು ತನ್ನಿ. ಕೂರಿಸುವಾಗ ಹೋಸಿನ ಮೇಲಿನ ಉದ್ದಗೆರೆ ನೆಟ್ಟಗಿರಲಿ. ಗೆರೆ ಹುರಿಯಂತೆ ಸುತ್ತಿದ್ದರೆ ಹೋಸ್ ತಿರುಚಿದೆ ಎಂದರ್ಥ.

2. ಸಿಲಿಂಡರ್: ರಾಡು ಹೊರಬರುವ ಕಡೆ ಎಣ್ಣೆ ಉಂಗುರದಂತೆ ಕಂಡರೆ ಸೀಲು ಸವೆದಿದೆ. ಆದರೆ ಸೀಲು ತರುವ ಮುನ್ನ ರಾಡನ್ನು ಒರೆಸಿ ಉಗುರಿನಿಂದ ಉದ್ದಕ್ಕೂ ಎಳೆದು ನೋಡಿ. ಉಗುರು ಎಲ್ಲಿಯಾದರೂ ತಡೆದರೆ ಅಲ್ಲಿ ತುಕ್ಕಿನ ಕುಳಿಯೋ ಕಲ್ಲಿನ ಗೀರೋ ಇದೆ. ನಮ್ಮ ಸದಸ್ಯರೊಬ್ಬರು ಒಂದೇ ಹಂಗಾಮಿನಲ್ಲಿ ಎರಡು ಸಲ ಸೀಲು ಹಾಕಿಸಿದರೂ ಸೋರಿಕೆ ನಿಲ್ಲಲಿಲ್ಲ. ದೋಷವಿದ್ದುದು ಸೀಲಿನಲ್ಲಲ್ಲ, ರಾಡಿನ ಮೇಲಿನ ಅಕ್ಕಿಕಾಳಿನಷ್ಟು ಕುಳಿಯಲ್ಲಿ. ಅದು ಪ್ರತಿ ಹೊಸ ಸೀಲನ್ನೂ ಕತ್ತರಿಸುತ್ತಿತ್ತು. ಗೀರಿನ ಚೂಪಾದ ಅಂಚನ್ನು ನಯವಾದ ಸಾಣೆಕಲ್ಲಿನಿಂದ ತೇಯಬಹುದು. ಆಳದ ಕುಳಿಗೆ ರಾಡನ್ನೇ ಬದಲಿಸಬೇಕು. ಹೊಸ ಸೀಲಿಗೆ ಎಣ್ಣೆ ಸವರಿ, ರಾಡಿನ ಥ್ರೆಡ್ಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಜಾರಿಸಿ. ಸೀಲಿನ ಲಿಪ್ ಎಣ್ಣೆ ಇರುವ ಒಳಬದಿಗೆ, ಧೂಳು ತಡೆಯುವ ವೈಪರ್ ಹೊರಬದಿಗೆ ಇರಬೇಕು.

3. ಸ್ಟಿಯರಿಂಗ್ ಘಟಕ: ಎಣ್ಣೆ ಕಾಲಮ್ಮಿನಿಂದ ಇಳಿದು ಚಾಲಕನ ಕಾಲ ಬಳಿ ಬಂದರೆ ಮೇಲಿನ ಶಾಫ್ಟ್ ಸೀಲು ಹೋಗಿದೆ. ಸೀಲು ಹಾಕುವ ಮುನ್ನ ಟ್ಯಾಂಕಿಗೆ ಹಿಂದಿರುಗುವ ಪೈಪು ಮಡಚಿದೆಯೇ, ಫಿಲ್ಟರ್ ಕಟ್ಟಿದೆಯೇ ನೋಡಿ. ಹಿಂದಿನ ಒತ್ತಡ ಹೆಚ್ಚಾದರೆ ಹೊಸ ಸೀಲೂ ಹೋಗುತ್ತದೆ. ಘಟಕವನ್ನು ಪೂರ್ತಿ ಬಿಚ್ಚುವುದನ್ನು ಮಾತ್ರ ತೋಟದ ಶೆಡ್ಡಿನಲ್ಲಿ ಮಾಡಬೇಡಿ. ಒಳಗಿನ ಹಲ್ಲುಚಕ್ರದ ಟೈಮಿಂಗ್ ತಪ್ಪಿದರೆ ಎಂಜಿನ್ ಚಾಲೂ ಮಾಡಿದೊಡನೆ ಸ್ಟಿಯರಿಂಗ್ ತಾನಾಗಿಯೇ ಗರಗರ ಸುತ್ತಿ ಕೈ ಮುರಿಯಬಹುದು. ಅದು ಅನುಭವಿ ಮೆಕ್ಯಾನಿಕರ ಕೆಲಸ.

4. ಪಂಪ್: ಹೊರಗೆ ಎಲ್ಲೂ ಸೋರದೆ ಟ್ಯಾಂಕಿನ ಎಣ್ಣೆ ಇಳಿಯುತ್ತಿದ್ದರೆ ಎಂಜಿನ್ ಆಯಿಲಿನ ಡಿಪ್‌ಸ್ಟಿಕ್ ನೋಡಿ. ಪಂಪು ಎಂಜಿನ್ನಿನ ಟೈಮಿಂಗ್ ಗೇರಿನಿಂದ ನಡೆಯುವ ಟ್ರ್ಯಾಕ್ಟರುಗಳಲ್ಲಿ ಶಾಫ್ಟ್ ಸೀಲು ಹೋದರೆ ಸ್ಟಿಯರಿಂಗ್ ಎಣ್ಣೆ ಎಂಜಿನ್ನಿಗೆ ಸೇರಿ ಅಲ್ಲಿಯ ಮಟ್ಟ ಏರುತ್ತದೆ. ಆಗ ಸೀಲಿನ ಜೊತೆಗೆ ಎಂಜಿನ್ ಆಯಿಲನ್ನೂ ಬದಲಿಸಬೇಕು. ಇನ್ನು ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪು ಸಡಿಲವಾಗಿದ್ದರೆ ಎಣ್ಣೆ ಹೊರಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಎಣ್ಣೆ ನೊರೆಯಾಗುತ್ತದೆ, ಪಂಪು ಕಿರುಗುಟ್ಟುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ.

ಎಣ್ಣೆ ತುಂಬಿ ಗಾಳಿ ತೆಗೆಯುವುದು

ತಯಾರಕರ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳು ಊದಿ ಕೆಡುತ್ತವೆ. ಸೋರಿಕೆ ನಿಲ್ಲಿಸುವುದೆಂದು ಮಾರುವ ಬಾಟಲಿಯ ದ್ರವಗಳು ಸೀಲನ್ನು ಮೆದುವಾಗಿಸಿ ಕೆಲದಿನ ತಡೆಯಬಹುದು, ಹರಿದ ಸೀಲನ್ನು ಕೂಡಿಸಲಾರವು. ಎಣ್ಣೆ ತುಂಬಿದ ಮೇಲೆ ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿ, ಎಂಜಿನನ್ನು ನಿಧಾನಗತಿಯಲ್ಲಿ ಬಿಟ್ಟು, ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತಾರು ಸಲ ಮೆಲ್ಲಗೆ ತಿರುಗಿಸಿ. ತುದಿಯಲ್ಲಿ ಒತ್ತಿ ಹಿಡಿಯಬೇಡಿ. ರಿಲೀಫ್ ವಾಲ್ವ್ ತೆರೆದು ಎಣ್ಣೆ ಬಿಸಿಯಾಗುತ್ತದೆ. ನೊರೆ ಅಡಗಿದ ಮೇಲೆ ಮಟ್ಟ ನೋಡಿ ಮತ್ತೆ ತುಂಬಿ. ಮೊದಲ ಓಡಾಟ ಸಮತಟ್ಟಿನಲ್ಲಿ, ಟ್ರೈಲರ್ ಇಲ್ಲದೆ ಇರಲಿ.

ಮಳೆಗಾಲದ ಆರೈಕೆ

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕಾಲದಲ್ಲಿ ಡ್ರಮ್ಮಿನಿಂದ ಚೆಲ್ಲಿದ್ದು ಸಿಲಿಂಡರಿನ ರಾಡಿನ ಮೇಲೆ ಒಣಗಿ ನಿಲ್ಲುತ್ತದೆ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ಸುಣ್ಣದ ಒಣ ಪೊರೆ ಸೀಲನ್ನು ಉಜ್ಜುತ್ತದೆ. ಅಂದಂದೇ ನೀರಿನಿಂದ ತೊಳೆದು, ಒರೆಸಿ, ರಾಡಿಗೆ ತೆಳುವಾಗಿ ಗ್ರೀಸ್ ಹಚ್ಚಿ. ವಾರಗಟ್ಟಲೆ ನಿಂತ ಟ್ರ್ಯಾಕ್ಟರನ್ನು ಮತ್ತೆ ಎಬ್ಬಿಸುವಾಗ ಧೂಳು ಕೂತ ಹಳೆಯ ಗ್ರೀಸನ್ನು ಒರೆಸಿಯೇ ಸ್ಟಿಯರಿಂಗ್ ತಿರುಗಿಸಿ. ತೆಗೆದ ಹಳೆಯ ಎಣ್ಣೆಯನ್ನು ಹಳ್ಳ, ಬಾವಿ, ಚರಂಡಿಗಳ ಕಡೆಗೆ ಚೆಲ್ಲದೆ ಡಬ್ಬಿಯಲ್ಲಿ ಮುಚ್ಚಿಡಿ; ಕೆಳಗಿನ ಮನೆಯವರು ಕುಡಿಯುವುದೂ ಅದೇ ನೀರು.

ಕೊಯ್ಲು ಶುರುವಾದ ಮೇಲೆ ಮೆಕ್ಯಾನಿಕರೂ ಸಿಗುವುದಿಲ್ಲ, ಬಿಡುವೂ ಇರುವುದಿಲ್ಲ. ಆದುದರಿಂದ ಸದಸ್ಯರು ಹಂಗಾಮಿಗೆ ಮುಂಚೆಯೇ ಒಂದು ಬೆಳಗಿನ ಹೊತ್ತನ್ನು ಈ ತಪಾಸಣೆಗೆ ಮೀಸಲಿಡಬೇಕು. ಹೈಡ್ರೋಸ್ಟಾಟಿಕ್ ಸ್ಟಿಯರಿಂಗಿನ ಒತ್ತಡದ ಹೋಸ್ ಬಿರಿದಿರುವುದು ಕಂಡುಬಂದರೆ, ಅದನ್ನು ಬದಲಿಸುವವರೆಗೆ ಟ್ರ್ಯಾಕ್ಟರನ್ನು ಇಳಿಜಾರಿಗೆ ಒಯ್ಯಬಾರದೆಂದು ಚಾಲಕರಿಗೆ ಕಟ್ಟುನಿಟ್ಟಾಗಿ ತಿಳಿಸಬೇಕೆಂದು ಕೋರುತ್ತೇನೆ.

— ಕಾರ್ಯದರ್ಶಿ