ಉಪ್ಪುನೀರಿಗೆ ಸಿಹಿನೀರೇ ತಡೆ

ದಕ್ಷಿಣ ಕನ್ನಡದ ಕೂಳೂರಿನಲ್ಲಿ ಫಲ್ಗುಣಿ ನದಿಯ ನೀರು ವರ್ಷವಿಡೀ ಒಂದೇ ರುಚಿಯದಲ್ಲ. ಮಳೆಗಾಲದಲ್ಲಿ ಘಟ್ಟದಿಂದ ಇಳಿದ ಕೆನ್ನೀರು ಸಮುದ್ರವನ್ನು ಹಿಂದಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಹರಿವು ಸೊರಗಿದಾಗ ಭರತದ ನೀರು ಅಳಿವೆಯಿಂದ ಒಳಬಂದು ನದಿಯುದ್ದಕ್ಕೂ ಮೇಲೇರುತ್ತದೆ. ದಡದ ಬಾವಿಗಳಿಗೂ ಇದರಿಂದ ಅಪಾಯ. ಸಿಹಿನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಸಮುದ್ರದ ನೀರಿನದು ಸುಮಾರು 1.025. ಹಾಗಾಗಿ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಕರಾವಳಿಯ ಅಂತರ್ಜಲ ಸಮುದ್ರಮಟ್ಟಕ್ಕಿಂತ 1 ಮೀಟರ್ ಎತ್ತರವಿದ್ದರೆ, ಸಮುದ್ರಮಟ್ಟದಿಂದ ಕೆಳಗೆ ಸುಮಾರು 40 ಮೀಟರ್‌ವರೆಗೆ ಸಿಹಿನೀರು ನಿಲ್ಲಬಹುದೆಂಬುದು ಲೆಕ್ಕ. ಆ ಎತ್ತರದಲ್ಲಿ ಅರ್ಧ ಮೀಟರ್ ಕುಸಿದರೆ, ಕ್ರಮೇಣ ಉಪ್ಪುನೀರಿನ ಅಂಚು 20 ಮೀಟರ್ ಮೇಲೆ ಬರುತ್ತದೆ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಳಿಜಾರು ಕಡಿದು, ನದಿಗಳು ಗಿಡ್ಡ. ಹವಾಮಾನ ಬದಲಾವಣೆಯಿಂದ ಮಳೆ ಕೆಲವೇ ದಿನಗಳಲ್ಲಿ ಒಟ್ಟಾಗಿ ಸುರಿದಾಗ ನೀರು ಇಂಗುವುದಕ್ಕೆ ಸಮಯವೇ ಸಿಗುವುದಿಲ್ಲ.

ನೀರು ಇಂಗದೆ ಹರಿದುಹೋಗುವ ಈ ಕೊರತೆಗೆ ತುಳುನಾಡಿನ ಕೃಷಿಕರು ಕಂಡುಕೊಂಡ ಉಪಾಯ ಕಟ್ಟ. ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಅಡಿಕೆ ಮರಗಳಿಂದ ಕಟ್ಟುವ ತಾತ್ಕಾಲಿಕ ಒಡ್ಡು ಇದು. ಬೇಗ ಕಟ್ಟಿದರೆ ತಡವಾಗಿ ಬಂದ ಒಂದು ಜಡಿಮಳೆ ಕೊಚ್ಚಿಕೊಂಡು ಹೋಗುತ್ತದೆ, ತಡಮಾಡಿದರೆ ಹಿಡಿಯಲು ನೀರೇ ಉಳಿದಿರುವುದಿಲ್ಲ. ತೋಡಿನ ಹರಿವನ್ನು ವರ್ಷಗಟ್ಟಲೆ ಗಮನಿಸಿದವರಿಗಷ್ಟೇ ಆ ಹೊತ್ತು ತಿಳಿಯುತ್ತದೆ. ಇದು ಅಪ್ಪಟ ವಿಜ್ಞಾನವೇ. ಕಾಸರಗೋಡಿನ ಏತಡ್ಕದಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟಗಳನ್ನು ಹಾಕುತ್ತಾರೆ. ನಿಂತ ನೀರು ಇಕ್ಕೆಲದ ನೆಲಕ್ಕೆ ಇಂಗಿ ಬಾವಿಗಳ ಮಟ್ಟವನ್ನು ಎತ್ತಿ ಹಿಡಿಯುತ್ತದೆ. ಕೂಳೂರಿನಿಂದ ಮೇಲೆ, ಫಲ್ಗುಣಿಗೆ ಮಳವೂರಿನಲ್ಲಿರುವ ಕಿಂಡಿ ಅಣೆಕಟ್ಟು ಹಲಗೆ ಹಾಕಿ ನೀರು ನಿಲ್ಲಿಸುವುದೂ ಇದೇ ತತ್ವದ ಮೇಲೆ.

ಗುಡ್ಡದ ನೀರಿಗೆ ಬೇರೆ ವಿದ್ಯೆಯಿದೆ: ಸುರಂಗ. ಇಲ್ಲಿನ ಗುಡ್ಡಗಳ ಮುರಕಲ್ಲು ರಂಧ್ರಮಯ, ಮಳೆನೀರು ಅದರೊಳಗೆ ನಿಧಾನವಾಗಿ ಇಳಿಯುತ್ತದೆ. ಆಳು ನುಗ್ಗುವಷ್ಟೇ ಅಗಲದ ಓಣಿಯನ್ನು ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆಯುತ್ತಾರೆ. ನೀರು ತಾನಾಗಿ ಹೊರಗೆ ಹರಿದು ಬರಲೆಂದು ನೆಲ ಬಾಗಿಲಿನ ಕಡೆ ತುಸು ಇಳಿಜಾರಾಗಿರುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ. ಒಳಗೆ ಉರಿಯುವ ದೀಪ ಬೆಳಕಿಗಷ್ಟೇ ಅಲ್ಲ: ಅದು ಮಂಕಾದರೆ ಆಮ್ಲಜನಕ ಕಡಿಮೆಯಾಗಿದೆ, ಹೊರಗೆ ಬರಬೇಕು ಎಂದರ್ಥ. ಇರಾನಿನ ನೆಲದಡಿಯ ನೀರ್ಗಾಲುವೆಗಳಾದ ಕನಾತ್‌ಗಳಿಗೂ ಇವಕ್ಕೂ ಹೋಲಿಕೆಯಿದೆ.

ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು, ಒಬ್ಬರೇ ಗುಡ್ಡ ಕೊರೆದವರು. ಮೊದಲು ತೋಡಿದ ಸುರಂಗಗಳಲ್ಲಿ ನೀರು ಸಿಗಲಿಲ್ಲ. ಅವರು ಬಿಡಲಿಲ್ಲ, ಕೊನೆಗೆ ಸಿಕ್ಕ ನೀರಿನಿಂದ ಬೋಳುಗುಡ್ಡದಲ್ಲಿ ಅಡಿಕೆ ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಂಥ ಜಲಜ್ಞಾನವನ್ನು 'ಅಡಿಕೆ ಪತ್ರಿಕೆ'ಯ ಶ್ರೀ ಪಡ್ರೆಯವರು ದಶಕಗಳಿಂದ ದಾಖಲಿಸುತ್ತ ಬಂದಿದ್ದಾರೆ.

ಗುಡ್ಡದಿಂದ ತಾನಾಗಿ ಜಿನುಗಿದ್ದಕ್ಕಿಂತ ಹೆಚ್ಚನ್ನು ಸುರಂಗ ಎಳೆಯಲಾರದು. ಕೊಳವೆಬಾವಿಗೆ ಆ ಮಿತಿಯಿಲ್ಲ. ಅದು ಆಳದಿಂದ ಎತ್ತಿ ಅಂತರ್ಜಲವನ್ನು ಸುರಂಗದ ನೆಲಕ್ಕಿಂತ ಕೆಳಗೆ ಇಳಿಸಿದರೆ, ತಲೆಮಾರುಗಳ ಕಾಲ ಹರಿದ ಸುರಂಗವೂ ಬತ್ತುತ್ತದೆ.